ಟೋಲ್ ತಪ್ಪಿಸುವವರ ಲೆಕ್ಕ, ಸರ್ವಿಸ್ ರಸ್ತೆಯ ಪಾಡು

ಮಾನ್ಯ ಸಂಪಾದಕರೇ,

ಬಿಡದಿ, ರಾಮನಗರ, ಚನ್ನಪಟ್ಟಣಗಳಿಂದ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರಲ್ಲಿ ಬಹಳ ಜನ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮುಖ್ಯ ರಸ್ತೆ ಬಿಟ್ಟು ಸರ್ವಿಸ್ ರಸ್ತೆಯಲ್ಲೇ ಓಡಾಡುತ್ತಾರೆ. ಇವರನ್ನು ಟೋಲ್ ಕಳ್ಳರು ಎನ್ನುವವರಿದ್ದಾರೆ, ಜಾಣರು ಎನ್ನುವವರೂ ಇದ್ದಾರೆ. ಕಳ್ಳತನದ ಮಾತು ಸುಳ್ಳು. ಸರ್ವಿಸ್ ರಸ್ತೆ ಇರುವುದೇ ಪುಕ್ಕಟೆ ಓಡಾಟಕ್ಕೆ. ಜಾಣತನದ ಮಾತು 2025ರ ಆಗಸ್ಟ್ 15ರವರೆಗೆ ನಿಜವಾಗಿತ್ತು. ಅಂದು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದ ಮೇಲೆ ಸ್ವಂತ ಕಾರಿನವರ ಲೆಕ್ಕ ಪೂರಾ ತಲೆಕೆಳಗಾಗಿದೆ. ಬೈಕು, ಆಟೊ, ಹಳದಿ ಬೋರ್ಡಿನ ಗಾಡಿಯವರ ಲೆಕ್ಕ ಮಾತ್ರ ಒಂದಿಂಚೂ ಅಲುಗಿಲ್ಲ. ಈ ಎರಡೂ ಕಡೆಯ ವಿವರ ನಿಮ್ಮ ಓದುಗರಿಗೆ ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇವೆ.

ಮೊದಲು ಇಲ್ಲಿನ ಟೋಲ್ ಹೇಗೆ ಕೆಲಸ ಮಾಡುತ್ತದೆ ಎಂಬುದು. ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿ.ಮೀ. ಒಂದು ಭಾಗ. 2023ರ ಮಾರ್ಚ್ 14ರಿಂದ ಇದಕ್ಕೆ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯ ಬಳಿ ಟೋಲ್ ಎತ್ತುತ್ತಿದ್ದಾರೆ, ಒಂದೊಂದು ದಿಕ್ಕಿಗೆ ಒಂದೊಂದು ಕಡೆ. ನಿಡಘಟ್ಟದಿಂದಾಚೆಗೆ ಮೈಸೂರಿನವರೆಗಿನ ಭಾಗಕ್ಕೆ ಅದೇ ವರ್ಷದ ಜುಲೈ 1ರಿಂದ ಗಣಂಗೂರಿನಲ್ಲಿ ಪ್ಲಾಜಾ. ಹತ್ತಿದ ಕಡೆ ಒಮ್ಮೆ ಗುರುತು ಹಾಕಿ, ಇಳಿದ ಕಡೆ ಓಡಿದಷ್ಟಕ್ಕೇ ದುಡ್ಡು ಕೇಳುವ ಪದ್ಧತಿ ಇಲ್ಲಿಲ್ಲ. ಪ್ಲಾಜಾ ದಾಟಿದರೆ ಇಡೀ ಭಾಗದ ಶುಲ್ಕ, ದಾಟದಿದ್ದರೆ ಸೊನ್ನೆ. ಹಾಗಾಗಿ ಚನ್ನಪಟ್ಟಣದಿಂದ ಬಿಡದಿಯ ಕಾರ್ಖಾನೆಗೆ ಬರುವವರು ಮುಖ್ಯ ರಸ್ತೆಯಲ್ಲೇ ಬಂದರೂ ಒಂದು ಪೈಸೆ ಕೊಡುವುದಿಲ್ಲ. ಬಿಡದಿಯಿಂದ ಕೆಂಗೇರಿಗೆ ಹೋಗುವವರು ಇಪ್ಪತ್ತು ಕಿ.ಮೀ. ಒಳಗಿನ ಓಡಾಟಕ್ಕೆ 56 ಕಿ.ಮೀ.ನ ದುಡ್ಡು ತೆರುತ್ತಾರೆ. 2023ರ ಜೂನ್‌ನಲ್ಲಿ ದರ ಏರಿಸಿದಾಗ ಕಾರಿಗೆ ಒಂದು ಸಲಕ್ಕೆ 165 ರೂಪಾಯಿ, 24 ಗಂಟೆಯೊಳಗೆ ಮರಳಿದರೆ ಎರಡಕ್ಕೂ ಸೇರಿ 250 ಆಯಿತು. ತಿಂಗಳಿಗೆ 22 ದಿನ ಕೆಲಸ ಎಂದರೂ 5,500 ರೂಪಾಯಿ. ಬಿಡದಿಯವರು ಸರ್ವಿಸ್ ರಸ್ತೆಗೆ ಇಳಿದದ್ದು ಈ ಕಾರಣಕ್ಕೆ. ತಿಂಗಳಿಗೆ 50 ಸಲ ದಾಟುವ ಮಾಸಿಕ ಪಾಸ್ ಎಂಬುದೊಂದಿದೆ. ಅದರ ಬೆಲೆ 50 ಒಂಟಿ ಪ್ರಯಾಣದ ಶುಲ್ಕದ ಮೂರರಲ್ಲಿ ಎರಡು ಪಾಲು. 165ರ ಲೆಕ್ಕದಲ್ಲಿ ಅದೂ 5,500ಕ್ಕೇ ಬಂದು ನಿಲ್ಲುತ್ತದೆ. ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಅದರಿಂದ ನಯಾಪೈಸೆ ಉಳಿತಾಯವಿಲ್ಲ.

ಈಗ ವಾರ್ಷಿಕ ಪಾಸ್. ಶುರುವಾದಾಗ ಇದರ ಬೆಲೆ 3,000 ರೂಪಾಯಿ. 200 ಸಲ ದಾಟುವುದು ಅಥವಾ ಒಂದು ವರ್ಷ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಪಾಸ್ ಮುಗಿಯಿತು. ಒಂದು ಸಲಕ್ಕೆ ಬಿದ್ದದ್ದು 15 ರೂಪಾಯಿ. ಹೋಗುವುದು ಒಂದು, ಬರುವುದು ಒಂದು ಎಂದು ಎಣಿಸುವುದರಿಂದ 22 ದಿನಕ್ಕೆ 44 ಸಲ. ಪಾಸ್ ನಾಲ್ಕೂವರೆ ತಿಂಗಳಲ್ಲಿ ಖಾಲಿ. ‘ವಾರ್ಷಿಕ’ ಎಂಬ ಹೆಸರು ನೋಡಿ ವರ್ಷವಿಡೀ ಬರುತ್ತದೆ ಎಂದುಕೊಂಡವರು ಐದನೇ ತಿಂಗಳಲ್ಲಿ ಫಾಸ್ಟ್ಯಾಗ್ ಖಾತೆಯಿಂದ ಪೂರ್ತಿ ಟೋಲ್ ಕಡಿತವಾದಾಗ ಕಂಗಾಲಾಗುತ್ತಾರೆ. 200 ಮುಗಿದ ಕೂಡಲೇ ಟ್ಯಾಗ್ ತಾನಾಗಿ ಸಾಮಾನ್ಯ ಫಾಸ್ಟ್ಯಾಗ್ ಆಗಿಬಿಡುತ್ತದೆ. ವರ್ಷ ತುಂಬುವವರೆಗೆ ಕಾಯಬೇಕಿಲ್ಲ, ಆಗಲೇ ಇನ್ನೊಂದು ಕೊಳ್ಳಬಹುದು. ನಿತ್ಯ ಓಡಾಡುವವರು ವರ್ಷಕ್ಕೆ ಎರಡೂವರೆ, ಮೂರು ಪಾಸ್ ಎಂದು ಲೆಕ್ಕ ಹಾಕಿಕೊಂಡರೆ ಸರಿ. ಆದರೂ ತಿಂಗಳಿಗೆ ಸುಮಾರು 660 ರೂಪಾಯಿ. 5,500 ಎಲ್ಲಿ, 660 ಎಲ್ಲಿ!

ಕೊಳ್ಳುವ ವಿಧಾನ ಸುಲಭ. ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ಅಥವಾ ಹೆದ್ದಾರಿ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಬೇಕು; ಗಾಡಿ ಈ ಪಾಸ್‌ಗೆ ಅರ್ಹವೇ ಎಂದು ಅದೇ ತಾಳೆ ನೋಡುತ್ತದೆ. ದುಡ್ಡನ್ನು ಯುಪಿಐ, ಕಾರ್ಡ್ ಇತ್ಯಾದಿಯಿಂದ ಬೇರೆಯಾಗಿ ಕಟ್ಟಬೇಕು. ಫಾಸ್ಟ್ಯಾಗ್ ಖಾತೆಯಲ್ಲಿರುವ ಹಣ ಇದಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಚಾಲೂ ಆಗುತ್ತದೆ. ಪ್ಲಾಜಾದ ಮುಂದೆ ನಿಂತು ಕೊಳ್ಳುವ ವಸ್ತು ಇದಲ್ಲ, ಹಿಂದಿನ ರಾತ್ರಿಯೇ ಮುಗಿಸಿಟ್ಟುಕೊಳ್ಳಿ. ಟ್ಯಾಗ್ ಗಾಜಿಗೆ ಅಂಟಿರಬೇಕು, ನೋಂದಣಿ ಸಂಖ್ಯೆಗೇ ಜೋಡಣೆಯಾಗಿರಬೇಕು. ಹೊಸ ಕಾರು ಕೊಂಡಾಗ ಷೋರೂಮಿನವರು ಚಾಸಿ ನಂಬರಿನ ಮೇಲೆ ಟ್ಯಾಗ್ ಮಾಡಿ ಅಂಟಿಸಿರುತ್ತಾರೆ. ಆರ್‌.ಸಿ. ಬಂದ ಮೇಲೆ ಬ್ಯಾಂಕಿಗೆ ಹೇಳಿ ಅದನ್ನು ಬದಲಾಯಿಸಿಕೊಳ್ಳದಿದ್ದರೆ ಪಾಸ್ ಸಿಗುವುದಿಲ್ಲ. ಪಾಸ್ ಆ ಗಾಡಿಗೆ ಮಾತ್ರ. ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ, ಕಟ್ಟಿದ ಹಣ ವಾಪಸು ಬರುವುದಿಲ್ಲ.

ಪಾಸ್ ಇದ್ದರೂ ಮೊದಲ ವಾರ ಪ್ರತಿ ಸಲವೂ ಮೊಬೈಲ್ ಸಂದೇಶ ಓದಿ. ಟ್ರಿಪ್ ಎಣಿಕೆ ಇಳಿದಿದೆಯೇ, ಇಲ್ಲ ಖಾತೆಯಿಂದ ಹಣ ಹೋಗಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ತಪ್ಪಾಗಿ ಕಡಿತವಾಗಿದ್ದರೆ 1033ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬೇಕು. ಪ್ಲಾಜಾ ಸಿಬ್ಬಂದಿಯ ಜತೆ ಕಿತ್ತಾಡಿ ಪ್ರಯೋಜನವಿಲ್ಲ, ಹಣ ಮರಳಿಸುವುದು ಅವರ ಕೈಯಲ್ಲಿಲ್ಲ. ಟ್ಯಾಗ್ ಕೆಲಸ ಮಾಡದೆ ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. 2025ರ ನವೆಂಬರ್ 15ರಿಂದ ಇರುವ ನಿಯಮ ಇದು. ಆದ್ದರಿಂದ ಪಾಸ್ ಇರುವವರೂ ಖಾತೆಯಲ್ಲಿ ಒಂದಿಷ್ಟು ಹಣ ಇಟ್ಟಿರುವುದು ಒಳ್ಳೆಯದು.

ಬಿಡದಿ ಸುತ್ತಮುತ್ತಲಿನವರಿಗೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿದೆ: ಸ್ಥಳೀಯರ ಮಾಸಿಕ ಪಾಸ್. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಪ್ಲಾಜಾದಿಂದ 20 ಕಿ.ಮೀ. ಒಳಗೆ ವಾಸ ಇರುವ, ಬಿಳಿ ಬೋರ್ಡಿನ ಗಾಡಿಯವರಿಗೆ ಇದನ್ನು ಕೊಡಬಹುದು. 2007–08ರ ಮೂಲದರ 150 ರೂಪಾಯಿ. ವರ್ಷ ವರ್ಷ ಏರುತ್ತ ಈಗ 350ರ ಆಸುಪಾಸಿನಲ್ಲಿದೆ. ಎಷ್ಟು ಸಲ ಬೇಕಾದರೂ ದಾಟಬಹುದು. ಆರ್‌.ಸಿ., ಆಧಾರ್ ಅಥವಾ ಬೇರೆ ವಿಳಾಸದ ದಾಖಲೆ, ಚಾಲ್ತಿಯಲ್ಲಿರುವ ಫಾಸ್ಟ್ಯಾಗ್ ಹಿಡಿದು ಪ್ಲಾಜಾದ ಕಚೇರಿಗೆ ಹೋಗಬೇಕು. ಪಾಸ್ ಕ್ಯಾಲೆಂಡರ್ ತಿಂಗಳಿಗೆ. 20ನೇ ತಾರೀಕು ಕೊಂಡರೂ ತಿಂಗಳ ಕೊನೆಗೇ ಮುಗಿಯುತ್ತದೆ, ಒಂದನೇ ತಾರೀಕಿಗೇ ಮಾಡಿಸಿ. ಆಧಾರ್‌ನಲ್ಲಿ ಹಳೆಯ ಊರಿನ ವಿಳಾಸವೇ ಉಳಿದಿದ್ದರೆ ಕೆಲಸ ಆಗುವುದಿಲ್ಲ. ಬಿಡದಿಯ ಹೊಸ ಬಡಾವಣೆಗಳಿಗೆ ಬಂದು ನೆಲೆಸಿದವರು ಇಲ್ಲೇ ಎಡವುವುದು.

ಈ ಸ್ಥಳೀಯ ಪಾಸ್‌ನ ನಿಯಮದಲ್ಲಿ ಒಂದು ಷರತ್ತು ಇದೆ, ಅದನ್ನು ಬಹಳ ಜನ ಓದಿಲ್ಲ. ಸರ್ವಿಸ್ ರಸ್ತೆ ಅಥವಾ ಬದಲಿ ರಸ್ತೆ ಲಭ್ಯವಿದ್ದರೆ ಇಂಥ ಪಾಸ್ ಕೊಡತಕ್ಕದ್ದಲ್ಲ ಎನ್ನುತ್ತದೆ ಅದು. ಅದೇ ನಿಯಮಗಳಲ್ಲಿ ಇನ್ನೆರಡು ಮಾತುಗಳಿವೆ. ದ್ವಿಚಕ್ರ ವಾಹನಕ್ಕೆ ಟೋಲ್ ಇಲ್ಲ, ಆದರೆ ಸರ್ವಿಸ್ ರಸ್ತೆ ಇದ್ದೂ ಮುಖ್ಯ ರಸ್ತೆಗೆ ಬಂದರೆ ಕಾರಿನ ಅರ್ಧದಷ್ಟು ಶುಲ್ಕ. ಆಟೊ, ಟ್ರ್ಯಾಕ್ಟರ್‌ಗಳಿಗೂ ಟೋಲ್ ಇಲ್ಲ, ಆದರೆ ಸರ್ವಿಸ್ ರಸ್ತೆ ಇರುವ ಕಡೆ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ. ಮೂರೂ ಷರತ್ತು ‘ಸರ್ವಿಸ್ ರಸ್ತೆ ಇದೆ’ ಎಂಬ ಒಂದೇ ಮಾತಿನ ಮೇಲೆ ನಿಂತಿವೆ. ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ರಸ್ತೆ ಇದ್ದಂತಾಯಿತೇ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇವೆ.

ಕಾರಿನವರು ‘ಹದಿನೈದು ರೂಪಾಯಿಯಾದರೂ ಯಾಕೆ ಕೊಡಬೇಕು, ಸರ್ವಿಸ್ ರಸ್ತೆ ಪುಕ್ಕಟೆ ಇದೆಯಲ್ಲ’ ಎನ್ನುತ್ತಾರೆ. ಪುಕ್ಕಟೆ ಇಲ್ಲ. ಸಾಧಾರಣ ಸಣ್ಣ ಕಾರು ಜನ ಸೇರಿ 1,100 ಕಿಲೊ ತೂಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಿಂದ ಹಂಪ್ಸ್ ಮುಂದೆ ನಿಂತಂತಾಗಿ ಮತ್ತೆ 40ಕ್ಕೆ ಏರಬೇಕಾದರೆ ಸುಮಾರು 8 ಮಿಲಿಲೀಟರ್ ಪೆಟ್ರೋಲ್ ಬೇಕು. ಬ್ರೇಕಿನಲ್ಲಿ ಬಿಸಿಯಾಗಿ ಹೋದ ಶಕ್ತಿಯನ್ನು ಎಂಜಿನ್ ಮತ್ತೆ ಹುಟ್ಟಿಸಬೇಕಲ್ಲ. ಲೀಟರಿಗೆ 103 ರೂಪಾಯಿ ಹಿಡಿದರೆ ಒಂದು ಹಂಪ್ಸ್‌ಗೆ 80 ಪೈಸೆ. ದಾರಿಯಲ್ಲಿ ಇಪ್ಪತ್ತು ಹಂಪ್ಸ್ ಸಿಕ್ಕರೆ 16 ರೂಪಾಯಿ. ಪಾಸ್‌ನ 15 ರೂಪಾಯಿ ಅಲ್ಲಿಗೇ ತೀರಿತು. ಇನ್ನು ಅಂಡರ್‌ಪಾಸ್ ಬಾಯಲ್ಲಿ, ಬಸ್ಸಿನ ಹಿಂದೆ, ಕಾರ್ಖಾನೆ ಪಾಳಿ ಬಿಡುವ ಹೊತ್ತಿನಲ್ಲಿ ನಿಂತಲ್ಲೇ ಎಂಜಿನ್ ಓಡುವುದಿದೆ. ಎ.ಸಿ. ಹಾಕಿದ ಸಣ್ಣ ಪೆಟ್ರೋಲ್ ಕಾರು ನಿಂತಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಕಾಲು ಗಂಟೆಗೆ ಹದಿನೈದು ರೂಪಾಯಿಯ ಆಚೀಚೆ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಸಸ್ಪೆನ್ಷನ್ ಬುಷ್‌ಗಳ ಸವೆತವನ್ನು ಇನ್ನೂ ಸೇರಿಸಿಲ್ಲ. ಪಾಸ್‌ಗೆ ಅರ್ಹವಾದ ಕಾರು ಇಟ್ಟುಕೊಂಡು ಇವತ್ತಿಗೂ ಟೋಲ್ ತಪ್ಪಿಸಲು ಸರ್ವಿಸ್ ರಸ್ತೆ ಹಿಡಿಯುವವರು ತಮ್ಮ ಕೈಯಿಂದಲೇ ಕಳೆದುಕೊಳ್ಳುತ್ತಿದ್ದಾರೆ, ಜತೆಗೆ ಬೇರೆ ದಾರಿಯೇ ಇಲ್ಲದವರ ಜಾಗವನ್ನೂ ತುಂಬುತ್ತಿದ್ದಾರೆ. ಮುಖ್ಯ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮೆರಾಗಳಿವೆ. 80ರಲ್ಲಿ ಹೋದರೆ ಪೆಟ್ರೋಲೂ ಉಳಿಯುತ್ತದೆ, ದಂಡದ ನೋಟಿಸೂ ಬರುವುದಿಲ್ಲ, ಬಿಡದಿಯಿಂದ ಕೆಂಗೇರಿ ತಲುಪುವಾಗ 100ರಲ್ಲಿ ಹೋದವರಿಗಿಂತ ಮೂರು ನಿಮಿಷವೂ ತಡವಾಗಿರುವುದಿಲ್ಲ.

ಮೊಬೈಲ್ ನಕ್ಷೆಯಲ್ಲಿ ‘ಟೋಲ್ ತಪ್ಪಿಸಿ’ ಎಂಬ ಗುಂಡಿ ಒತ್ತಿ ಹೊರಡುವವರಿಗೂ ಒಂದು ಮಾತು. ಆ ಗುಂಡಿಗೆ ಮುಖ್ಯ ರಸ್ತೆಯ ಪಕ್ಕದಲ್ಲೇ ಇರುವ ಸರ್ವಿಸ್ ರಸ್ತೆ ಎಷ್ಟೋ ಸಲ ಸರಿಯಾಗಿ ಕಾಣುವುದಿಲ್ಲ. ಎಲ್ಲೋ ಹಳ್ಳಿಯೊಳಗೆ ತಿರುಗಿಸಿಬಿಡುತ್ತದೆ. ಬಿಡದಿಯಿಂದ ಹಾರೋಹಳ್ಳಿ ಕಡೆಗೆ ಹೋಗಿ ಕನಕಪುರ ರಸ್ತೆ ಹಿಡಿದರೆ ಸೋಮನಹಳ್ಳಿಯಲ್ಲಿ ಇನ್ನೊಂದು ಟೋಲ್ ಕಾದಿರುತ್ತದೆ. ಮಂಚನಬೆಲೆ, ದೊಡ್ಡ ಆಲದ ಮರದ ಕಡೆಯಿಂದ ಸುತ್ತುವುದು ಭಾನುವಾರದ ತಿರುಗಾಟಕ್ಕೆ ಚೆಂದ, ಸೋಮವಾರ ಒಂಬತ್ತರ ಹಾಜರಿಗೆ ಅಲ್ಲ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಹತ್ತು ಕಿ.ಮೀ. ಹೆಚ್ಚು ಸುತ್ತಿದರೆ 70 ರೂಪಾಯಿ ಪೆಟ್ರೋಲ್. ಪಾಸ್‌ನ ಹದಿನೈದು ರೂಪಾಯಿ ಉಳಿಸಲು ಹೋಗಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ಟ್ಯಾಂಕಿನಲ್ಲಿ ಸುರಿದಂತೆ.

ಹಳದಿ ಬೋರ್ಡಿನವರ ಕಥೆ ಬೇರೆ. ಕ್ಯಾಬ್, ಟಾಟಾ ಏಸ್, ಸಣ್ಣ ಟೆಂಪೊಗಳಿಗೆ ವಾರ್ಷಿಕ ಪಾಸ್ ಇಲ್ಲ, 20 ಕಿ.ಮೀ.ನ ಸ್ಥಳೀಯ ಪಾಸೂ ಇಲ್ಲ. ಪ್ಲಾಜಾ ಇರುವ ಜಿಲ್ಲೆಯಲ್ಲೇ ನೋಂದಣಿಯಾದ, ರಾಷ್ಟ್ರೀಯ ಪರ್ಮಿಟ್ ಇಲ್ಲದ ವಾಣಿಜ್ಯ ವಾಹನಕ್ಕೆ ಅರ್ಧ ದರದ ರಿಯಾಯಿತಿ ನಿಯಮದಲ್ಲಿದೆ. ಆದರೆ ಜಿಲ್ಲೆಯ ಗಡಿ ಹತ್ತಿರವೇ ಇರುವ ಇಂಥ ಕಡೆ ಯಾವ ಪ್ಲಾಜಾ ಯಾವ ಜಿಲ್ಲೆಗೆ ಸೇರಿದ್ದು, ರಾಮನಗರದಲ್ಲಿ ನೋಂದಣಿಯಾದ ಕೆಎ 42 ಗಾಡಿಗೆ ಹೋಗುವಾಗ ಸಿಕ್ಕ ರಿಯಾಯಿತಿ ಬರುವಾಗಲೂ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಮಾರುಕಟ್ಟೆಗೆ ತರಕಾರಿ, ರೇಷ್ಮೆಗೂಡು, ಹಾಲು ಸಾಗಿಸುವ ಸಣ್ಣ ಗಾಡಿಯವರು ದಿನದ ಸಂಪಾದನೆಯಲ್ಲಿ ಟೋಲ್ ಕಟ್ಟಿ ಏನೂ ಉಳಿಸಿಕೊಳ್ಳಲಾರರು. ಅವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹೋಗುತ್ತಾರೆ.

ಬೈಕು, ಸ್ಕೂಟರ್, ಆಟೊ, ಟ್ರ್ಯಾಕ್ಟರ್‌ಗಳಿಗಂತೂ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ನಿಷೇಧ. 100ರಲ್ಲಿ ಬರುವ ಕಾರುಗಳ ನಡುವೆ 50ರಲ್ಲಿ ಹೋಗುವ ಸ್ಕೂಟರ್ ಇರಬಾರದು, ಆ ನಿರ್ಧಾರ ತಪ್ಪಲ್ಲ. ಆದರೆ ಅಂದಿನಿಂದ ಸರ್ವಿಸ್ ರಸ್ತೆಯೇ ಅವರ ಪಾಲಿನ ಏಕೈಕ ಹೆದ್ದಾರಿ. ಅದರ ಸ್ಥಿತಿಯನ್ನು ಹೆದ್ದಾರಿಯ ಅಳತೆಗೋಲಿನಿಂದಲೇ ನೋಡಬೇಕು, ಊರಿನ ಬೀದಿಯ ಅಳತೆಗೋಲಿನಿಂದ ಅಲ್ಲ.

ಮೊದಲ ದೋಷ, ಅದು ಒಂದೇ ಓಟಕ್ಕೆ ಸಾಗುವುದಿಲ್ಲ. ರೈಲು ಹಳಿ, ಹೊಳೆ, ಸೇತುವೆ ಅಡ್ಡ ಬಂದ ಕಡೆ ಸರ್ವಿಸ್ ರಸ್ತೆ ತುಂಡಾಗುತ್ತದೆ. 2023ರಲ್ಲಿ ಟೋಲ್ ಶುರುವಾದಾಗ ನಡೆದ ಪ್ರತಿಭಟನೆಗಳ ಮುಖ್ಯ ಬೇಡಿಕೆಯೇ ಮೊದಲು ಸರ್ವಿಸ್ ರಸ್ತೆ ಮುಗಿಸಿ, ಆಮೇಲೆ ಟೋಲ್ ವಸೂಲಿ ಮಾಡಿ ಎಂಬುದಾಗಿತ್ತು. ಬಿಡದಿಯಲ್ಲಿ, ರಾಮನಗರ–ಚನ್ನಪಟ್ಟಣದಲ್ಲಿ ಹೆದ್ದಾರಿ ಊರಾಚೆಯ ಬೈಪಾಸ್‌ನಲ್ಲಿ ಹೋಗುತ್ತದೆ. ಪುಕ್ಕಟೆ ಹೋಗುವವರು ಹಳೆಯ ಮೈಸೂರು ರಸ್ತೆಯಲ್ಲಿ ಊರೊಳಗೇ ನುಗ್ಗಬೇಕು. ರಸ್ತೆ ತುಂಡಾದ ಕಡೆ ಬಾಣದ ಗುರುತು, ಊರಿನ ಹೆಸರು, ಎಷ್ಟು ದೂರದಲ್ಲಿ ಮತ್ತೆ ಸರ್ವಿಸ್ ರಸ್ತೆ ಸಿಗುತ್ತದೆ ಎಂಬ ಫಲಕ ಇದ್ದರೆ ಸಾಕು, ಹೊಸಬರು ಗೊತ್ತಿಲ್ಲದೆ ಮುಖ್ಯ ರಸ್ತೆಗೆ ಹತ್ತಿ ಪೊಲೀಸರ ಕೈಗೆ ಸಿಗುವುದು ತಪ್ಪುತ್ತದೆ.

ಎರಡನೆಯದು ಎದುರು ದಿಕ್ಕಿನ ಓಡಾಟ. ಅಂಡರ್‌ಪಾಸ್‌ಗಳು ದೂರ ದೂರ ಇರುವುದರಿಂದ ರಸ್ತೆಯ ಆ ಬದಿಯ ಹೊಲಕ್ಕೆ, ಅಂಗಡಿಗೆ ಹೋಗುವವರು ಇದೇ ಬದಿಯಲ್ಲಿ ಎದುರಿನಿಂದ ಬರುತ್ತಾರೆ. ಅವರಿಗೆ ಬೈದು ಉಪಯೋಗವಿಲ್ಲ. ಎರಡು ಫರ್ಲಾಂಗಿನ ಕೆಲಸಕ್ಕೆ ಕಿಲೋಮೀಟರ್‌ಗಟ್ಟಲೆ ಸುತ್ತಿ ಬನ್ನಿ ಎಂದರೆ ಯಾರೂ ಕೇಳುವುದಿಲ್ಲ. ಕತ್ತಲಾದ ಮೇಲೆ ಬೈಕಿನವರಿಗೆ ದೊಡ್ಡ ಅಪಾಯ ಇದೇ. ಎದುರು ಬರುವವರು ಸಾಮಾನ್ಯವಾಗಿ ರಸ್ತೆಯ ತೀರಾ ಅಂಚು ಹಿಡಿದಿರುತ್ತಾರೆ, ಅದು ನಿಮ್ಮ ಎಡ ಅಂಚು. ಹಾಗಾಗಿ ರಾತ್ರಿ ಎಡದ ಅಂಚಿಗೆ ಅಂಟಿಕೊಂಡು ಹೋಗುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು; ಎಡಪಥದ ಮಧ್ಯದಲ್ಲಿ, 40 ದಾಟದೆ, ದೀಪವನ್ನು ತಗ್ಗಿಸಿ ಹೋಗುವುದು ಲೇಸು. ಹಿಂಬದಿಯ ಕೆಂಪು ದೀಪ ಉರಿಯುತ್ತಿದೆಯೇ ಎಂದು ಹೊರಡುವ ಮುನ್ನ ನೋಡಿ. ಟೈಲ್ ಲ್ಯಾಂಪ್ ಹೋಗಿರುವುದು ಸವಾರರಿಗೆ ವಾರಗಟ್ಟಲೆ ಗೊತ್ತೇ ಆಗುವುದಿಲ್ಲ.

ಹಂಪ್ಸ್ ವಿಚಾರಕ್ಕೆ ಇನ್ನೊಮ್ಮೆ ಬರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ಸ್ 10 ಸೆಂಟಿಮೀಟರ್ ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, 17 ಮೀಟರ್ ತ್ರಿಜ್ಯದ ದುಂಡು ಬೆನ್ನು ಇರಬೇಕು. ಆಗ ಗಾಡಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟುತ್ತದೆ. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಮೇಲೆ ಬಣ್ಣದ ಪಟ್ಟೆ ಬೇಕು. ಊರವರು ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಹಾಕಿಸುವ ಹಂಪ್ಸ್ ಅಡಿಯುದ್ದವೂ ಇರುವುದಿಲ್ಲ, ಎತ್ತರ ಮಾತ್ರ ಗೇಣು. ಬಣ್ಣ, ಫಲಕ ಯಾವುದೂ ಇಲ್ಲ. ಅದನ್ನು ದಾಟಲು ಗಾಡಿ ಪೂರ್ತಿ ನಿಲ್ಲಬೇಕು. ಹಿಂದೆ ಬರುತ್ತಿರುವವರಿಗೆ ಅದು ಗೊತ್ತಿರುವುದಿಲ್ಲ, ಡಿಕ್ಕಿ ಆಗುವುದು ಆಗಲೇ. ಸರಿಯಾದ ಹಂಪ್ಸ್‌ನಲ್ಲಿ 25ಕ್ಕೆ ಇಳಿದು ಏರಿದರೆ ಮೇಲೆ ಹೇಳಿದ 8 ಮಿಲಿಲೀಟರ್ ಐದಕ್ಕೆ ಇಳಿಯುತ್ತದೆ. ಹಂಪ್ಸ್ ತೆಗೆಯಿರಿ ಎಂದು ಯಾರೂ ಕೇಳುತ್ತಿಲ್ಲ, ಅಳತೆಯಲ್ಲಿ ಹಾಕಿ ಎಂದಷ್ಟೇ.

ಮಳೆ ಬಂದರೆ ನೀರು. 2023ರ ಮಾರ್ಚ್‌ನಲ್ಲಿ, ಹೆದ್ದಾರಿ ಉದ್ಘಾಟನೆಯಾಗಿ ವಾರವೂ ತುಂಬುವ ಮೊದಲು, ರಾಮನಗರದ ಸಂಗಬಸವನದೊಡ್ಡಿ ಬಳಿಯ ಅಂಡರ್‌ಪಾಸ್‌ನಲ್ಲಿ ನೀರು ನಿಂತು ಗಾಡಿಗಳು ಸಿಕ್ಕಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ನೀರು ಹರಿಯುವ ದಾರಿಯನ್ನು ಮಣ್ಣು ಹಾಕಿ ಮುಚ್ಚಿದ್ದರಿಂದ ಹೀಗಾಯಿತು ಎಂಬುದು ಪ್ರಾಧಿಕಾರದ ವಿವರಣೆಯಾಗಿತ್ತು. ಕಾರಣ ಯಾವುದೇ ಇರಲಿ, ಮುಖ್ಯ ರಸ್ತೆ ದಿಬ್ಬದ ಮೇಲೆ, ಸರ್ವಿಸ್ ರಸ್ತೆ ತಗ್ಗಿನಲ್ಲಿ. ಮೇಲಿನ ನೀರೆಲ್ಲ ಕೆಳಗೇ ಇಳಿಯಬೇಕು. ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೆದು ಮೇಲೆ ಚಪ್ಪಡಿ ಮುಚ್ಚಿದರೆ ಅರ್ಧ ತೊಂದರೆ ಕಡಿಮೆ. ಬೈಕಿನವರು ನಿಂತ ನೀರಿನಲ್ಲಿ ಎಡಗಡೆ ಹೋಗಬಾರದು. ಚಪ್ಪಡಿ ಇಲ್ಲದ ಚರಂಡಿ ಇರುವುದು ಆ ಬದಿಗೇ. ನೀರು ಬೈಕಿನ ಸೈಲೆನ್ಸರ್ ಬಾಯಿ ಮುಟ್ಟುವಷ್ಟಿದ್ದರೆ ಇಳಿಯಲೇಬೇಡಿ. ನಡುವೆ ಎಂಜಿನ್ ಆರಿದರೆ ಅಲ್ಲೇ ಸ್ಟಾರ್ಟ್ ಮಾಡಲು ಹೋಗದೆ ತಳ್ಳಿಕೊಂಡು ಈಚೆ ಬನ್ನಿ.

ಬಸ್ಸು, ರೈಲಿನ ವಿಷಯ ಚುಟುಕಾಗಿ ಹೇಳುವುದಾದರೆ, ರಾಮನಗರ–ಬೆಂಗಳೂರು ನಡುವೆ ಟೋಲ್‌ಗೆ ನಿಜವಾದ ಉತ್ತರ ರೈಲೇ. ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ 300 ರೂಪಾಯಿಯೊಳಗೇ ಬರುತ್ತದೆ. ಮೊಬೈಲಿನಲ್ಲೇ ಕೊಳ್ಳಬಹುದು. ಮೀಸಲು ಬೋಗಿಗೆ ಹತ್ತುವಂತಿಲ್ಲ, ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಕಟ್ಟಬೇಕು, ಶತಾಬ್ದಿ, ವಂದೇ ಭಾರತ್‌ಗೆ ನಡೆಯುವುದಿಲ್ಲ. ಮೆಮು ಮತ್ತು ಪ್ಯಾಸೆಂಜರ್‌ಗಳ ವೇಳೆಗೆ ಕೆಲಸದ ವೇಳೆ ಹೊಂದುವವರಿಗೆ ಇದರಷ್ಟು ಸುಖ ಇನ್ನೊಂದಿಲ್ಲ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದರೆ ಮೆಟ್ರೊ ಅಲ್ಲೇ. ಬಸ್ಸಿನಲ್ಲಿ ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕ ಸಾರಿಗೆಯಂಥ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಗಂಡಸರಿಗೆ ಟೋಲ್ ಬಸ್ಸಿನಲ್ಲೂ ತಪ್ಪಿದ್ದಲ್ಲ: ಟೋಲ್ ಶುರುವಾದಾಗ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೋಗುವ ಬಸ್ಸುಗಳಿಗೆ ಕರ್ನಾಟಕ ಸಾರಿಗೆಯಲ್ಲಿ 15, ರಾಜಹಂಸದಲ್ಲಿ 18 ರೂಪಾಯಿ ಸೇರಿಸಿದರು. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದವರೆಗೆ ಬಂದಿದೆ. ಆದರೆ ಪ್ಲಾಜಾ ಚಲ್ಲಘಟ್ಟಕ್ಕಿಂತ ಈಚೆಗೇ ಇರುವುದರಿಂದ ಮೆಟ್ರೊ ಹಿಡಿದರೆ ಟೋಲ್ ಉಳಿಯುತ್ತದೆ ಎಂದುಕೊಳ್ಳಬೇಡಿ. ಉಳಿಯುವುದು ಮೈಸೂರು ರಸ್ತೆಯ ಟ್ರಾಫಿಕ್ಕು.

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಕೆಂಗೇರಿಯ ನಂತರ ನೈಸ್ ರಸ್ತೆಯ ಆಸೆ ಹುಟ್ಟುತ್ತದೆ. ಅದು ಖಾಸಗಿ; ವಾರ್ಷಿಕ ಪಾಸ್ ಅಲ್ಲಿ ನಡೆಯುವುದಿಲ್ಲ, ಬೈಕಿಗೂ ಶುಲ್ಕ ಇದೆ, ರಾತ್ರಿ 10ರಿಂದ ಬೆಳಗಿನ 5ರವರೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅಲ್ಲಿ ಶುಲ್ಕ ತುಂಡು ತುಂಡಾಗಿ ಬೀಳುತ್ತದೆ: ಮೈಸೂರು ರಸ್ತೆಯಿಂದ ಕ್ಲೋವರ್ ಲೀಫ್, ಅಲ್ಲಿಂದ ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ಹೊಸೂರು ರಸ್ತೆ ಎಂದು. ಪೂರ್ತಿ ಹೋಗುವ ಬದಲು ಅತಿ ಹೆಚ್ಚು ಸಮಯ ಉಳಿಸುವ ತುಂಡನ್ನು ಮಾತ್ರ ಬಳಸಿ ಇಳಿಯಬಹುದು. ಬೈಕಿನವರಿಗೆ ಇನ್ನೊಂದು ದಾರಿ, ಗಾಡಿಯನ್ನು ಕೆಂಗೇರಿ ಕಡೆ ಬಿಟ್ಟು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಹಸಿರಿನಲ್ಲಿ ಆರ್‌.ವಿ. ರಸ್ತೆ, ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ. ಎರಡು ಕಡೆ ಬದಲಾಯಿಸಬೇಕು, ಅಗ್ಗವೂ ಅಲ್ಲ. ಮಳೆಗಾಲದಲ್ಲಿ ಮಾತ್ರ ಲೆಕ್ಕ ಸರಿಹೋಗುತ್ತದೆ. ಇದೇ ಮಾತು ಬೇರೆ ದಿಕ್ಕಿನವರಿಗೂ: ದೊಡ್ಡಬಳ್ಳಾಪುರ ರಸ್ತೆಯ ಮಾರಸಂದ್ರ ಟೋಲ್ ರಾಜ್ಯ ಹೆದ್ದಾರಿಯದು, ವಾರ್ಷಿಕ ಪಾಸ್ ಅಲ್ಲಿಗೆ ಬರುವುದಿಲ್ಲ. ನಿಮ್ಮ ದಾರಿಯ ಪ್ಲಾಜಾ ಪಟ್ಟಿಯಲ್ಲಿದೆಯೇ ಎಂದು ಆ್ಯಪ್‌ನಲ್ಲಿ ನೋಡಿದ ಮೇಲೆಯೇ ದುಡ್ಡು ಕಟ್ಟಿ.

ಈಗ ಬಾಕಿ ಇಟ್ಟಿದ್ದ ಪ್ರಶ್ನೆ. ಸರ್ವಿಸ್ ರಸ್ತೆ ಇದೆ ಎಂಬ ಕಾರಣಕ್ಕೆ ಬೈಕಿನವರನ್ನು ಹೊರಗಿಟ್ಟು, ಆಟೊದವರನ್ನು ತಡೆದು, ಸ್ಥಳೀಯರ ಪಾಸ್‌ಗೂ ಷರತ್ತು ಹಾಕಿದ ಮೇಲೆ ಆ ರಸ್ತೆ ಕೊನೆಯವರೆಗೂ ಇರಲೇಬೇಕು. ಯಾವ ಕಿ.ಮೀ. ಕಲ್ಲಿನಿಂದ ಯಾವ ಕಿ.ಮೀ. ಕಲ್ಲಿನವರೆಗೆ ಸರ್ವಿಸ್ ರಸ್ತೆ ಇಲ್ಲ, ಅಲ್ಲಿ ಬದಲಿ ದಾರಿ ಯಾವುದು, ಕೆಲಸ ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂಬುದನ್ನು ಹೆದ್ದಾರಿ ಪ್ರಾಧಿಕಾರ ಎರಡೂ ಪ್ಲಾಜಾಗಳಲ್ಲಿ ದರಪಟ್ಟಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಹಾಕಬೇಕು. ದರ ಏರಿಸುವಾಗ ಪ್ರಕಟಣೆ ಕೊಡುವಂತೆ ಇದನ್ನೂ ಪತ್ರಿಕೆಗಳಿಗೆ ಕೊಡಬೇಕು. ಹಂಪ್ಸ್‌ಗಳನ್ನು ಅಳತೆಗೆ ತರುವುದು, ಬಸ್ ನಿಲ್ಲುವ ಕಡೆ ರಸ್ತೆಯಿಂದ ಒಳಗೆ ಜಾಗ ಮಾಡುವುದು, ಅಂಡರ್‌ಪಾಸ್ ಬಾಯಲ್ಲಿ ದೀಪ ಹಾಕುವುದು ಮುಂದಿನ ಮುಂಗಾರಿಗೆ ಮುಂಚೆ ಆಗಬಹುದಾದ ಕೆಲಸಗಳು; ಇವುಗಳಿಗೆ ಭೂಸ್ವಾಧೀನವೂ ಬೇಡ, ದೆಹಲಿಯ ಅನುಮತಿಗೆ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ತುಂಡಾದ ಕಡೆಗಳಲ್ಲಿ ಸರ್ವಿಸ್ ರಸ್ತೆ ಜೋಡಿಸುವವರೆಗೆ ಪ್ಲಾಜಾದಿಂದ 20 ಕಿ.ಮೀ. ಒಳಗಿನ ಎಲ್ಲರಿಗೂ ಸ್ಥಳೀಯ ಪಾಸನ್ನು ತಕರಾರಿಲ್ಲದೆ ಕೊಡಬೇಕು, ಜಿಲ್ಲೆಯ ಸಣ್ಣ ಹಳದಿ ಬೋರ್ಡ್ ಗಾಡಿಗಳಿಗೆ ಎರಡೂ ಪ್ಲಾಜಾಗಳಲ್ಲಿ ಅರ್ಧ ದರ ಅನ್ವಯಿಸಬೇಕು.

ಇತಿ,
ಬಿಡದಿ–ರಾಮನಗರದ ನಿತ್ಯ ಪ್ರಯಾಣಿಕರು